ಬಡಿಯದ ರೊಟ್ಟಿ

ನಮ್ಮ ಪ್ರಾಂತಕ್ಕೊಂದು ಸರಕಾರಿ ವಿಶ್ವವಿದ್ಯಾಲಯ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಗುಡ್ಡದ ಮೇಲೆ ಕಟ್ಟಡಗಳಿಗಿಂತ ಅಡಿಗಲ್ಲುಗಳೇ ಎದ್ದು ಕಾಣುತ್ತಿದ್ದ, ಅರವತ್ತರ ದಶಕದ ಮೊದಲ ವರ್ಷಗಳು ಅವು. ಅಲ್ಲಿಗೆ ಅರ್ಥಶಾಸ್ತ್ರ ಕಲಿಯಲು ಹೋದ ನಾನು, ರೊಟ್ಟಿ ಮಾಡುವ ಯಂತ್ರವೊಂದರ ಮೂವರು ಜನಕರಲ್ಲಿ ಒಬ್ಬನಾಗಿ ಹೊರಬಿದ್ದೆ. ಇದರಲ್ಲಿ ಅರ್ಥಶಾಸ್ತ್ರದ ತಪ್ಪೇನೂ ಇಲ್ಲ.

ತಪ್ಪೇನಾದರೂ ಇದ್ದರೆ ಅದು ನಮ್ಮ ಪ್ರೊಫೆಸರರದು. ಎತ್ತರದ, ಒಣಕಲು ದೇಹದ ಮನುಷ್ಯ. ಏಪ್ರಿಲ್ ತಿಂಗಳಲ್ಲೂ ಕೋಟು ಕಳಚಿದವರಲ್ಲ. ಒಂದು ದಿನ ತರಗತಿಗೆ ಬಂದವರೇ ಹಾಜರಿಯನ್ನೂ ಕರೆಯದೆ, ಪದವಿ ಮುಗಿದ ಮೇಲೆ ಏನು ಮಾಡುವಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳತೊಡಗಿದರು. ಮೊದಲ ಬೆಂಚಿನವನು ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗುವೆನೆಂದ. ಅವನ ಪಕ್ಕದವನು ಬೇರೆ ತಾಲೂಕಿನ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗುವೆನೆಂದ. ಹೀಗೆ ಬೆಂಚು ಬೆಂಚಾಗಿ ಜಿಲ್ಲೆಯ ಕಚೇರಿಗಳೆಲ್ಲ ಭರ್ತಿಯಾಗುತ್ತ ಬಂದವು. ನನ್ನ ಸರದಿ ಬರುವಷ್ಟರಲ್ಲಿ ಗೋಕಾಕದ ಕಚೇರಿಯನ್ನು ಇನ್ಯಾರೋ ಹಿಡಿದುಬಿಟ್ಟಿದ್ದರಿಂದ ನಾನು ಒಂದು ಮೆಟ್ಟಿಲು ಇಳಿದು, ಹಳ್ಳಿಯ ಲೆಕ್ಕ ಬರೆಯುವ ತಲಾಠಿಯಾಗುವೆನೆಂದೆ. ನನ್ನ ಬಲಕ್ಕಿದ್ದ ಹುಕ್ಕೇರಿಯವನು ಎದ್ದು ನಿಂತು, ಬಹಳ ಹೊತ್ತು ಯೋಚಿಸಿ, ಏನೂ ಹೇಳದೆ ಕೂತ. ಎಡಕ್ಕಿದ್ದ ಮೂಡಲಗಿಯವನು ಮಾತ್ರ ಎದೆ ಸೆಟೆಸಿ ಹೇಳಿದ: "ನಿಮ್ಮ ಜಾಗಾ ಖಾಲಿ ಆದ್ರ ಅದನ್ನ ಹಿಡೀತೇನ್ರಿ ಸರ."

ತರಗತಿ ನಕ್ಕಿತು. ಪ್ರೊಫೆಸರರು ನಗಲಿಲ್ಲ. "ಅದು ಖಾಲಿ ಆಗಲಿಕ್ಕೆ ಇನ್ನೂ ಭಾಳ ವರ್ಷ ಅದ," ಎಂದರು. "ಅಲ್ಲೀತನಕಾ ಏನು ಮಾಡ್ತೀರಿ?"

ಆ ಪ್ರಶ್ನೆಗೆ ಉತ್ತರವಾಗಿಯೇ ಅವರ ಯೋಜನೆ ಹುಟ್ಟಿತು. ಒಂದೇ ಕಡೆಯವರು ಮೂವರು ಮೂವರಾಗಿ ಕೂಡಬೇಕು. ಬೇಸಿಗೆ ಸೂಟಿಯಲ್ಲಿ ತಮ್ಮ ತಾಲೂಕುಗಳನ್ನು ತಿರುಗಿ, ಜನರಿಗೆ ನಿಜವಾಗಿಯೂ ಇರುವ ಒಂದು ತೊಂದರೆಯನ್ನು ಹುಡುಕಬೇಕು. ಅದನ್ನು ಕಳೆಯುವ ಒಂದು ವಸ್ತುವನ್ನು ಸ್ವಂತ ಬುದ್ಧಿಯಿಂದ ಮಾಡಬೇಕು. ಮಳೆಗಾಲದಲ್ಲಿ ವಿಶ್ವವಿದ್ಯಾಲಯ ಮತ್ತೆ ತೆರೆದಾಗ ಆ ವಸ್ತುವನ್ನು ಪ್ರದರ್ಶನಕ್ಕೆ ತರಬೇಕು. ಇದಕ್ಕೆ ಅವರು 'ಉದ್ಯಮಶೀಲತೆ' ಎಂಬ ಹೆಸರಿಟ್ಟರು. ಆ ಶಬ್ದವನ್ನು ಅವರು ಉಚ್ಚರಿಸಿದಾಗ ಎದ್ದು ನಿಲ್ಲಬೇಕೆನಿಸುತ್ತಿತ್ತು. ನಾವು ಮೂವರು, ಅಂದರೆ ಗೋಕಾಕದ ನಾನು, ಮೂಡಲಗಿಯವನು, ಹುಕ್ಕೇರಿಯವನು, ಒಂದೇ ವಸತಿಗೃಹದ ಒಂದೇ ಕೋಣೆಯವರಾದ್ದರಿಂದ ಬೇರೆ ಸಂಶೋಧನೆ ಮಾಡದೆಯೇ ಒಂದು ತಂಡವಾದೆವು.

ಸೂಟಿ ಬಿಟ್ಟ ಮೇಲೆ ತೊಂದರೆ ಹುಡುಕುತ್ತ ಹೊರಟೆವು. ಜನರಲ್ಲಿ ತೊಂದರೆಗಳಿಗೆ ಬರವಿದೆಯೆಂದು ನಮಗೆ ಅದುವರೆಗೆ ಗೊತ್ತಿರಲಿಲ್ಲ. ಯಮಕನಮರಡಿಯ ಹೆದ್ದಾರಿಯಲ್ಲಿ ನಿಂತು ಲಾರಿ ಚಾಲಕನೊಬ್ಬನನ್ನು ತಡೆದು, ನಿಮ್ಮ ಮುಖ್ಯ ತೊಂದರೆ ಯಾವುದು ಎಂದು ಕೇಳಿದೆವು. ಸದ್ಯಕ್ಕೆ ನೀವು ನಿಂತಿರುವ ಜಾಗ ಎಂದ ಅವನು. ಮೂಡಲಗಿಯ ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಮುಟ್ಟಿ ಬೆಲೆ ಹೇಳುವುದು ಪದ್ಧತಿ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು. ಮೂಡಲಗಿಯವನು ಎರಡೂ ಕಡೆ ತೂತುಗಳಿರುವ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಮಾಡಿಸಿ, ಅದರೊಳಗೆ ಕೈ ಹಾಕಿ ವ್ಯವಹಾರ ಕುದುರಿಸಿರೆಂದು ಅವರಿಗೆ ಉಪದೇಶ ಮಾಡಿದ. ದಲ್ಲಾಳಿಗಳು ಪೆಟ್ಟಿಗೆಯನ್ನು ತಿರುವಿ ತಿರುವಿ ನೋಡಿ, ಇದರಿಂದ ಮುಖ ಒರೆಸಿಕೊಳ್ಳಲು ಬರುತ್ತದೆಯೇ ಎಂದು ವಿಚಾರಿಸಿದರು. ಬರುವುದಿಲ್ಲವೆಂದಾಗ ಮರಳಿ ಕೊಟ್ಟರು. ಆ ಪೆಟ್ಟಿಗೆಯಲ್ಲಿ ಅವನ ಅವ್ವ ಮುಂದೆ ಬಹಳ ವರ್ಷ ಬೆಳ್ಳುಳ್ಳಿ ಇಟ್ಟಳು. ಗಾಳಿ ಚೆನ್ನಾಗಿ ಆಡುತ್ತಿತ್ತಂತೆ.

ತೊಂದರೆ ಸಿಕ್ಕದ್ದು ನಮ್ಮ ಊರಲ್ಲೇ.

ನನ್ನ ಚಿಗವ್ವ ಗೋಕಾಕದ ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡ, ಅಂದರೆ ನನ್ನ ಕಾಕ, ತೀರಿಕೊಂಡ ಮೇಲೆ ಒಬ್ಬಳೇ ಕಟ್ಟಿ ನಿಲ್ಲಿಸಿದ್ದ ಖಾನಾವಳಿ ಅದು. ಮುಂದೆ ಊಟದ ಪಡಸಾಲೆ, ನಡುವೆ ಒಂದು ಗೋಡೆ, ಗೋಡೆಯಾಚೆ ಒಲೆ. ಗಿರಣಿಯ ಕೆಲಸಗಾರರು, ಸಂತೆಗೆ ಬಂದವರು, ಕೋರ್ಟಿಗೆ ಬಂದು ತಾರೀಕು ಪಡೆದು ಹೋಗುವವರು ಅಲ್ಲಿ ಉಣ್ಣುತ್ತಿದ್ದರು. ಅವಳ ಜೋಳದ ರೊಟ್ಟಿ ತೆಳ್ಳಗೆ, ಅಗಲವಾಗಿ, ಬಿಸಿಯಾಗಿ ಬಂದು ತಾಟಿನಲ್ಲಿ ಬೀಳುತ್ತಿತ್ತು. ಆ ವರ್ಷ ಚಳಿಗಾಲದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಜಾರಿಬಿದ್ದು ಅವಳ ಬಲಗೈ ಮಣಿಕಟ್ಟು ಮುರಿಯಿತು. ಬಿದಿರಿನ ದಬ್ಬೆ ಕಟ್ಟಿದವನು ಎಲುಬು ಕೂಡಿಸಿದ, ಆದರೆ ಕೊಂಚ ಓರೆಯಾಗಿ ಕೂಡಿಸಿದ. ಚಮಚ ಹಿಡಿಯಲು ಬರುತ್ತಿತ್ತು, ಕೊಡ ಎತ್ತಲು ಬರುತ್ತಿತ್ತು, ಹಿಟ್ಟನ್ನೂ ಎಡಗೈ ಮುಂದು ಮಾಡಿ ನಾದುತ್ತಿದ್ದಳು. ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ. ಕೆಲಸಕ್ಕೆ ಬೇರೆ ಹೆಂಗಸರನ್ನು ಕರೆದಳು. ಖಾನಾವಳಿಯ ಒಲೆ ಹೊತ್ತುವ ಹೊತ್ತಿಗೇ ಊರಿನ ಎಲ್ಲ ಹೆಂಗಸರ ಒಲೆಯೂ ಹೊತ್ತುವುದರಿಂದ ಯಾರೂ ನಿಲ್ಲಲಿಲ್ಲ. ನನ್ನ ಅವ್ವ ಮನೆಯಿಂದ ಬಡಿದು ಕಳಿಸಿದ ರೊಟ್ಟಿ ಅಲ್ಲಿ ಮುಟ್ಟುವಷ್ಟರಲ್ಲಿ ಆರಿರುತ್ತಿತ್ತು.

ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಎದುರಿನ ಖಾನಾವಳಿಗೆ ಹೋಗತೊಡಗಿದ್ದರು. ಮಳೆಗಾಲದೊಳಗೆ ಏನೂ ದಾರಿ ಕಾಣದಿದ್ದರೆ ಬಾಗಿಲು ಹಾಕಿ, ಘೋಡಗೇರಿಯಲ್ಲಿದ್ದ ತಮ್ಮನ ಮನೆಗೆ ಹೋಗಿ ಇದ್ದುಬಿಡುವುದೆಂದು ಅವಳು ನಿಶ್ಚಯಿಸಿದ್ದಳು. ತಮ್ಮ ಒಳ್ಳೆಯವನು. ಅವನ ಹೆಂಡತಿಯೂ ಕೆಟ್ಟವಳಲ್ಲ. ಆದರೂ ಇದನ್ನು ಹೇಳುವಾಗ ಚಿಗವ್ವ ನಮ್ಮ ಮುಖ ನೋಡದೆ ಒಲೆಯಲ್ಲಿ ಕಟ್ಟಿಗೆ ಸರಿಸುತ್ತಿದ್ದಳು. "ತಮ್ಮ ಬ್ಯಾಡ ಅನ್ನಂಗಿಲ್ಲಪಾ," ಎಂದಳು. "ಆದ್ರ ಊರಿಗೆ ನೀಡಿದ ಕೈ ಇದು. ಇನ್ನೊಬ್ಬರು ನೀಡೂತನಕ ತಾಟ ಹಿಡಕೊಂಡ ಕುಂಡ್ರಾಕ ಇದಕ್ಕ ರೂಢಿ ಇಲ್ಲ."

ಮೂಡಲಗಿಯವನು ಹೊರಗೆ ಬಂದವನೇ, ತೊಂದರೆ ಸಿಕ್ಕಿತು ಎಂದು ನನ್ನ ಕೈ ಕುಲುಕಿದ. ಆಮೇಲೆ ಅದು ಕೈ ಕುಲುಕುವ ಸಂದರ್ಭವಲ್ಲವೆಂದು ಅವನಿಗೇ ಅನಿಸಿರಬೇಕು, ಕೈ ಬಿಟ್ಟ.

ಕೆಲಸ ಮಾಡಿದವನು ಹುಕ್ಕೇರಿಯವನು. ಅವರದು ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಅವನು ತರಗತಿಯಲ್ಲಿ ಆಡದಿದ್ದ ಮಾತೆಲ್ಲ ಅವನ ಕೈಬೆರಳುಗಳಲ್ಲಿತ್ತು. ಮನೆಯ ಮಗ್ಗದ ಕಟ್ಟಿಗೆಗಳನ್ನು ನೋಡುತ್ತ ಕೂತು, ಊರಿನ ಬಡಿಗನ ಹತ್ತಿರ ಹೋಗಿ, ಎರಡು ದುಂಡನೆಯ ಸಾಗವಾನಿ ಹಲಗೆಗಳನ್ನು ಒಂದು ಬದಿಗೆ ಬಾಗಿಲಿನ ಬಿಜಾಗರಿಯಿಂದ ಕೂಡಿಸಿದ. ಮೇಲಿನ ಹಲಗೆಗೆ ಉದ್ದನೆಯ ಹಿಡಿಕೆ ಇಟ್ಟ. ಕೆಳಗಿನ ಹಲಗೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು, ಮೇಲಿನದನ್ನು ಮುಚ್ಚಿ, ಹಿಡಿಕೆಯ ಮೇಲೆ ಮೊಣಕೈ ಊರಿ ಒರಗಿದರೆ ಸಾಕು, ಮೈಭಾರವೇ ಕೆಲಸ ಮಾಡಬೇಕು. ಮಣಿಕಟ್ಟಿನ ಗೊಡವೆಯೇ ಇಲ್ಲ. ಇದು ತತ್ತ್ವ. ನಾನೂ ಮೂಡಲಗಿಯವನೂ ಬಡಿಗನ ಅಂಗಳದಲ್ಲಿ ಬೇವಿನ ನೆರಳಿಗೆ ಕೂತು ಆ ತತ್ತ್ವವನ್ನು ಪೂರ್ಣ ಮನಸ್ಸಿನಿಂದ ಅನುಮೋದಿಸಿದೆವು.

ಯಂತ್ರವನ್ನು ಬಸ್ಸಿನ ಟಪ್ಪಿನ ಮೇಲೆ ಹಾಕಿ ಗೋಕಾಕಕ್ಕೆ ತಂದೆವು. ಇದೇನು ಸಾಮಾನು ಎಂದು ಕಂಡಕ್ಟರ್ ಕೇಳಿದಾಗ ಮೂಡಲಗಿಯವನು, ವಿಶ್ವವಿದ್ಯಾಲಯದ್ದು ಎಂದಷ್ಟೇ ಗಂಭೀರವಾಗಿ ಹೇಳಿದ. ಕಂಡಕ್ಟರ್ ಅದಕ್ಕೆ ಇನ್ನೊಂದು ಹಗ್ಗ ಹೆಚ್ಚಿಗೆ ಬಿಗಿದ.

ಮೊದಲ ದಿನದ ರೊಟ್ಟಿಗಳ ವಿಷಯದಲ್ಲಿ ಸಂಕ್ಷೇಪವಾಗಿ ಹೇಳುವುದೇ ಮೇಲು. ಜೋಳದ ಹಿಟ್ಟು ಕೆಳಗಿನ ಹಲಗೆಗೂ ಅಂಟಿತು, ಮೇಲಿನ ಹಲಗೆಗೂ ಅಂಟಿತು. ಎರಡನ್ನೂ ಬಿಡಿಸಿದಾಗ ಇವೆರಡರ ಜಗಳದಲ್ಲಿ ಹರಿದುಹೋದ ಒಂದು ವಸ್ತು ಕೈಗೆ ಬಂತು. ಚಿಗವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಪ್ಪಾ, ಇದು ರೊಟ್ಟಿಯೋ, ಗೋಕಾಕ ತಾಲೂಕಿನ ನಕಾಶೆಯೋ?"

"ಮೂಡಲಗಿ ಎಲ್ಲೈತಿ ತೋರ್ಸರಿ ಇದರಾಗ," ಎಂದ ಮೂಡಲಗಿಯವನು.

"ಈ ತೂತ ಐತಲ್ಲ, ಅಲ್ಲಿತ್ತ ನೋಡು."

ಹುಕ್ಕೇರಿಯವನು ನಗಲಿಲ್ಲ. ಹಿಟ್ಟಿಗೆ ಎಸರು ಇನ್ನೂ ಬಿಸಿಯಾಗಿ ಹಾಕಿ ನಾದಿಸಿದ. ಹಳೆಯ ಧೋತರದ ತುಂಡನ್ನು ಒದ್ದೆ ಮಾಡಿ ಹಿಂಡಿ, ಉಂಡೆಯ ಮೇಲೆ ಕೆಳಗೆ ಹಾಸಿದ. ಒಮ್ಮೆ ಒತ್ತಿ, ಕಾಲುಭಾಗ ತಿರುಗಿಸಿ, ಮತ್ತೆ ಒತ್ತಿಸಿದ. ಆಗ ಬಂದ ರೊಟ್ಟಿ ದುಂಡಗಿತ್ತು, ಅಂಚು ಒಡೆದಿರಲಿಲ್ಲ, ಹಂಚಿನ ಮೇಲೆ ಹಾಕಿದಾಗ ಉಬ್ಬಿತು. ಚಿಗವ್ವ ಇನ್ನೊಂದು ಮಾಡಿದಳು, ಮತ್ತೊಂದು ಮಾಡಿದಳು. ಅವಳ ಎಡ ಮೊಣಕೈ ಹಿಡಿಕೆಯ ಮೇಲೆ ಇಳಿದು ಏಳುತ್ತಿತ್ತು. ಓರೆಯಾದ ಬಲಗೈ ಬಟ್ಟೆ ಸರಿಪಡಿಸುವಷ್ಟೇ ಕೆಲಸ ಮಾಡುತ್ತಿತ್ತು. ಬುಟ್ಟಿ ತುಂಬಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಬೆವರೆಂದು ನಾವು ಮೂವರೂ ಒಪ್ಪಿಕೊಂಡೆವು.

ಇನ್ನು ಮುಂದೆ ಪ್ರೊಫೆಸರರಿಗೆ ಕಾಗದ ಬರೆದು ತಿಳಿಸುವುದೊಂದೇ ಬಾಕಿ ಎಂದುಕೊಂಡಿದ್ದೆವು. ಆದರೆ ಅರ್ಥಶಾಸ್ತ್ರದ ಯಾವ ಸೂತ್ರದಲ್ಲೂ ಇಲ್ಲದ ಒಂದು ಘಟನೆ ನಡೆಯಿತು. ರೊಟ್ಟಿ ಹೆಚ್ಚಾದಷ್ಟೂ ಗಿರಾಕಿಗಳು ಕಡಿಮೆಯಾದರು. ಕೈ ಮುರಿದಾಗಲೂ ಬಿಡದಿದ್ದ ಹಳೆಯ ಗಿರಾಕಿಗಳು ಕೂಡ ಬಾಗಿಲವರೆಗೆ ಬಂದು, ಒಂದು ಗಳಿಗೆ ನಿಂತು, ರಸ್ತೆ ದಾಟಿ ಹೋಗತೊಡಗಿದರು. ಒಳಗೆ ಬುಟ್ಟಿಯ ತುಂಬ ರೊಟ್ಟಿ, ಬದನೆಕಾಯಿ ಪಲ್ಯ, ಝುಣಕ, ಶೇಂಗಾ ಚಟ್ನಿ. ಹೊರಗೆ ಖಾಲಿ ಪಡಸಾಲೆ.

ಇಂಥ ಪ್ರಸಂಗದಲ್ಲಿ ಬಳಕೆದಾರರ ಅಭಿಪ್ರಾಯ ಸಂಗ್ರಹಿಸಬೇಕೆಂದು ಪ್ರೊಫೆಸರರು ಕಲಿಸಿದ್ದರು. ಸಂಗ್ರಹಿಸಿದೆವು. ಬಂದ ನಾಲ್ಕಾರು ಜನರಿಗೆ ರೊಟ್ಟಿ ರುಚಿಯಿದೆಯೇ ಎಂದು ಕೇಳಿದೆವು, ಇದೆ ಎಂದರು. ತೆಳ್ಳಗಿದೆಯೇ, ತೆಳ್ಳಗಿದೆ. ಬಿಸಿಯಿದೆಯೇ, ನಾಲಿಗೆ ಸುಟ್ಟಿತು. ಹಾಗಾದರೆ ಜನ ಯಾಕೆ ಬರುತ್ತಿಲ್ಲ ಎಂದಾಗ, ಜನರನ್ನು ಕೇಳಬೇಕು ಎಂದರು. ರಸ್ತೆಯಲ್ಲಿ ಹೋಗುವವರನ್ನು ಕೇಳಿದರೆ, ಅಯ್ಯೋ ಬರಬೇಕಂತಲೇ ಇದ್ದೇವೆ ಎಂದು ಹೇಳಿ ಎದುರಿನ ಖಾನಾವಳಿಗೆ ಹೋದರು. ಇದ್ದದ್ದರಲ್ಲಿ ಸಮಾಧಾನದ ಸಂಗತಿಯೆಂದರೆ, ಉಳಿದ ರೊಟ್ಟಿಗಳನ್ನು ನಾವೇ ತಿನ್ನುತ್ತಿದ್ದೆವು.

ಚಿಗವ್ವ ಒಂದು ದಿನ ಅಟ್ಟದ ಮೇಲಿದ್ದ ಟ್ರಂಕನ್ನು ಕೆಳಗಿಳಿಸಿ, ಧೂಳು ಒರೆಸಿ ಬಾಗಿಲ ಬಾಜೂ ಇಟ್ಟಳು. ಕೇಳಿದ್ದಕ್ಕೆ, ಸುಮ್ಮನೆ, ಒಳಗಿನ ಅರಿವೆಗೆ ಬಿಸಿಲು ತೋರಿಸಲು ಎಂದಳು. ಘೋಡಗೇರಿಯ ಬಸ್ಸಿನ ಹೊತ್ತನ್ನು ನನ್ನ ಅವ್ವನಿಗೆ ಕೇಳಿದ್ದಳೆಂದು ಆಮೇಲೆ ತಿಳಿಯಿತು.

ಬೇರೆ ತೊಂದರೆಯಾದರೂ ಸಿಕ್ಕೀತೆಂದು ಒಂದು ಮಧ್ಯಾಹ್ನ ನಾವು ಮೂವರು ಮಮದಾಪುರದವರೆಗೆ ಸೈಕಲ್ ತುಳಿದು, ಅಲ್ಲಿ ಉಳ್ಳಾಗಡ್ಡಿ ಬೆಳೆಯುವ ರೈತನೊಬ್ಬನ ತೊಂದರೆ ವಿಚಾರಿಸಿ, ಅವನಿಗೆ ತೊಂದರೆ ಕೊಟ್ಟು ಮರಳಿದೆವು. ಹಸಿವೆಯಿಂದ ಕಣ್ಣು ಒಳಗೆ ಹೋಗಿದ್ದವು. ಖಾನಾವಳಿಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತೆವು. ಹೊತ್ತು ಕಳೆಯಿತು. ಊಟ ಬರಲಿಲ್ಲ. ಚಿಗವ್ವನಿಗೆ ಮನಸ್ಸು ಸರಿಯಿಲ್ಲ, ಒಲೆ ಹಚ್ಚಿಲ್ಲ, ಆತುರಪಡಿಸಬಾರದು ಎಂದು ನಾನು ಪಿಸುಗುಟ್ಟಿದೆ. ಹೌದೆಂದು ಉಳಿದಿಬ್ಬರೂ ತಲೆಯಾಡಿಸಿದರು. ಕಡೆಗೆ ಮೂಡಲಗಿಯವನು ತಡೆಯಲಾರದೆ ಗೋಡೆಯಾಚೆಗೆ ಕೂಗಿದ: "ಚಿಗವ್ವಾ, ರೊಟ್ಟಿಗೆ ಯಾವಾಗ ಕುಂಡ್ರತೀರಿ?"

"ಮಾಡಿ ಮುಗಿಸಿ ತಾಸಾತು," ಎಂದಿತು ಗೋಡೆಯಾಚೆಯ ದನಿ. "ನೀವು ಯಾಕ ಕೈಕಾಲು ತೊಳಕೊಂಡ ಬರವಲ್ರಿ ಅಂತ ನಾನೂ ಕುಂತೇನಿ."

ಹುಕ್ಕೇರಿಯವನು ನಿಧಾನವಾಗಿ ಎದ್ದು ನಿಂತ. ಅವನು ಹಾಗೆ ಎದ್ದು ನಿಂತದ್ದನ್ನು ನಾನು ತರಗತಿಯಲ್ಲಿ ಒಮ್ಮೆ ಕಂಡಿದ್ದೆ. ಈ ಸಲ ಕೂರದೆ ಮಾತಾಡಿದ. "ಬಡಿಯೂ ಸಪ್ಪಳ ಇಲ್ಲ," ಎಂದ.

ಅಷ್ಟೇ. ನಮ್ಮ ಕಡೆ ಓಣಿಯಲ್ಲಿ ನಡೆಯುವವನಿಗೆ ಯಾರ ಮನೆಯಲ್ಲಿ ಊಟ ಎಷ್ಟು ದೂರವಿದೆಯೆಂದು ತಿಳಿಸುವುದು ರೊಟ್ಟಿ ಬಡಿಯುವ ಸದ್ದು. ಸದ್ದು ಶುರುವಾದರೆ ಕೈಕಾಲು ತೊಳೆಯಬೇಕು, ಜೋರಾದರೆ ಕೂರಬೇಕು, ನಿಂತರೆ ತಡವಾಯಿತು. ಖಾನಾವಳಿಯ ಬಾಗಿಲಲ್ಲಿ ನಿಂತವನು ಕಿವಿಯಿಂದಲೇ ರೊಟ್ಟಿಯ ಬಿಸಿ ನೋಡುತ್ತಾನೆ. ಒಳಗೆ ಪಟಪಟ ಇಲ್ಲವೆಂದರೆ ರೊಟ್ಟಿ ನಿನ್ನೆಯದು, ಇಲ್ಲವೆ ಬೇರೆಡೆಯಿಂದ ತಂದದ್ದು, ಇಲ್ಲವೆ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಯಾರೂ ಗಮನಿಸಿ ಹೇಳುವುದೂ ಇಲ್ಲ. ನಾವು ಪ್ರಶ್ನೆ ಕೇಳಿದವರೆಲ್ಲ ನಿಜವನ್ನೇ ಹೇಳಿದ್ದರು. ಮೌನವನ್ನು ಕಂಡುಹಿಡಿದ ಮಹನೀಯರು ನಾವೇ, ಆ ಮೌನಕ್ಕೆ ಮೋಸಹೋಗಿ ಹಸಿದು ಕೂತಿದ್ದೆವು.

ಆದ್ದರಿಂದ ಯಂತ್ರಕ್ಕೆ ಸದ್ದು ಕೊಡಿಸುವುದೆಂದು ತೀರ್ಮಾನವಾಯಿತು. ಹುಕ್ಕೇರಿಯವನಿಗೆ ಒಂದು ಅನುಮಾನ ಬಂತು. ಊಟದ ನಡುವೆ ಕೈ ನಿಲ್ಲಿಸಿ, ಇದು ಜನರಿಗೆ ಮೋಸವಲ್ಲವೇ ಎಂದು ಚಿಗವ್ವನನ್ನೇ ಕೇಳಿದ. ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಬಿಸಿ ಐತಿಲ್ಲೋ?"

"ಐತ್ರಿ."

"ಬಿಸಿ ಐತಿ ಅಂತ ಹೇಳಾಕ ಅದಕ್ಕೊಂದು ಬಾಯಿ ಬೇಕಪಾ. ನನ್ನ ಕೈ ಹೇಳತಿತ್ತು. ಇನ್ನ ನಿನ್ನ ಕಟಗಿ ಹೇಳಲಿ."

ಹಿಡಿಕೆ ಏಳುವಾಗ ಒಂದು ಕಟ್ಟಿಗೆಯ ಸಟ್ಟುಗದಂಥದು ಸಡಿಲಾಗಿ ಬಂದು ಕೆಳಗಿನ ಹಲಗೆಯ ಅಂಚಿಗೆ ಬಡಿಯುವಂತೆ ಹುಕ್ಕೇರಿಯವನು ಜೋಡಿಸಿದ. ಮೊದಲ ದಿನದ ಸದ್ದು ಕೇಳಿ ಇಬ್ಬರು ದಾರಿಹೋಕರು ಒಳಗೆ ಇಣುಕಿ, ಮನೆ ರಿಪೇರಿ ನಡೆದಿದೆಯೇ, ಬಡಿಗ ಬಿಡುವಾಗಿದ್ದಾನೆಯೇ ಎಂದು ವಿಚಾರಿಸಿ ಹೋದರು. ಸದ್ದಿದ್ದರೆ ಸಾಲದು, ರೊಟ್ಟಿಯ ಸದ್ದೇ ಆಗಬೇಕು. ಅದು ಹೇಗಿರುತ್ತದೆ? ಹುಟ್ಟಿದಾಗಿನಿಂದ ಕೇಳಿದ ಸದ್ದನ್ನು ನೆನಪಿಸಿಕೊಂಡು ಬಾಯಿಂದ ಹೇಳಲು ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಚಿಗವ್ವನಿಗೋ, ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ಹೀಗಾಗಿ ಸಂಶೋಧನೆಯ ಅತ್ಯಂತ ಗಂಡಾಂತರದ ಭಾಗ ಆರಂಭವಾಯಿತು. ಬೆಳಗಿನ ಹೊತ್ತು, ಓಣಿಯ ಅಡುಗೆಮನೆಗಳ ಗೋಡೆಗೆ ಕಿವಿಯಿಟ್ಟು, ಮೂವರು ವಿದ್ಯಾವಂತ ಯುವಕರು ರೊಟ್ಟಿಯ ಸದ್ದನ್ನು ಅಧ್ಯಯನ ಮಾಡತೊಡಗಿದೆವು. ಮೂರು ಪೆಟ್ಟು, ಒಂದು ಸರಕ್, ಮತ್ತೆ ಮೂರು ಪೆಟ್ಟು. ಮೊದಲಿನದು ದಪ್ಪ, ಆಮೇಲಿನವು ತೆಳ್ಳಗೆ, ಹಿಟ್ಟು ಅಗಲವಾದಂತೆ ಸದ್ದೂ ಅಗಲ. ಬಹಳ ಉಪಯುಕ್ತ ಮಾಹಿತಿ ಸಿಗುತ್ತಿತ್ತು. ಮೂರನೆಯ ಮನೆಯ ಹಿಂದೆ ಸದ್ದು ಥಟ್ಟನೆ ನಿಂತಿತು. ಒಳಗಿನ ಹೆಂಗಸು ಹಿಟ್ಟಿನ ಕೈಯಲ್ಲೇ ಹಿತ್ತಿಲ ಬಾಗಿಲು ತೆರೆದು ಎದುರು ನಿಂತಳು.

"ಯಾರಪಾ ನೀವು, ಏನ ನಡಿಸೀರಿ ಇಲ್ಲಿ?"

ಮೂಡಲಗಿಯವನ ಬಾಯಿಗೆ ಬಂದ ಉತ್ತರ ಒಂದೇ. "ವಿಶ್ವವಿದ್ಯಾಲಯದಿಂದ ಬಂದೇವ್ರಿ ಅಕ್ಕಾರ."

"ಗ್ವಾಡಿಗೆ ಕಿವಿ ಹಚ್ಚೂದನ್ನ ಅಲ್ಲಿ ಕಲಿಸಾಕತ್ತಾರೇನು?"

ಅವಳು ನನ್ನನ್ನು ಗುರುತು ಹಿಡಿದಳು. ಅದರಿಂದ ಪೆಟ್ಟು ತಪ್ಪಿತು. ಆದರೆ ಮಧ್ಯಾಹ್ನದೊಳಗೆ ನನ್ನ ಅವ್ವನಿಗೆ ಸುದ್ದಿ ಮುಟ್ಟಿತು. ಅವ್ವ ಒಂದೇ ಮಾತು ಹೇಳಿದಳು. ಓದಿಸುವುದು ಸಾಕು, ಮಗನಿಗೊಂದು ಮದುವೆ ಮಾಡಿಬಿಡೋಣ ಎಂದು. ಅಪ್ಪ ಕಾಗದಪತ್ರ ಬಿಟ್ಟು ತಲೆಯೆತ್ತಿ, ಮದುವೆಗೂ ಗೋಡೆಗೂ ಏನು ಸಂಬಂಧ ಎಂದು ಕೇಳಿದ. ಗೋಡೆಯ ಒಳಬದಿಗೆ ಕೂರುವುದನ್ನು ಕಲಿಯಲಿ ಎಂದಳು ಅವ್ವ.

ಸದ್ದು ಕಡೆಗೂ ಸಿಕ್ಕಿತು. ಸಟ್ಟುಗವನ್ನು ಹಗುರಾದ ಮಾವಿನ ಕಟ್ಟಿಗೆಯಲ್ಲಿ ಮಾಡಿಸಿ, ಅದಕ್ಕೆ ಹಳೆಯ ಕಂಬಳಿಯ ತುಂಡನ್ನು ಸುತ್ತಿ, ಮೇಲೆ ಧೋತರದ ಬಟ್ಟೆ ಬಿಗಿದು ನೀರು ಚಿಮುಕಿಸಿದಾಗ ಅಂಗೈಯಂಥ ಸದ್ದು ಬಂತು. ಸಡಿಲಾಗಿ ತೂಗಿದ್ದರಿಂದ ಒಮ್ಮೆ ಬಿಟ್ಟರೆ ತಾನೇ ಕುಪ್ಪಳಿಸಿ ಮೂರು ಸಲ ಬಡಿಯುತ್ತಿತ್ತು, ಮೊದಲು ದಪ್ಪ, ಆಮೇಲೆ ತೆಳ್ಳಗೆ. ಅದನ್ನು ಮೊದಲ ಸಲ ಕೇಳಿದಾಗ ಮೂಡಲಗಿಯವನು ತನಗೆ ಅರಿವಿಲ್ಲದೆಯೇ ಎದ್ದು ಕೈ ತೊಳೆಯಲು ಹೋದ. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನಮಗೆ ಬೇಕಿರಲಿಲ್ಲ.

ಅವತ್ತೇ ಪಡಸಾಲೆ ತುಂಬಿತೆಂದು ಬರೆದರೆ ಸುಳ್ಳಾದೀತು. ಅವತ್ತು ನಾಲ್ಕು ಜನ ಬಾಗಿಲಲ್ಲಿ ನಿಂತರು, ಅದರಲ್ಲಿ ಇಬ್ಬರು ಒಳಗೆ ಬಂದರು. ವಾರ ಕಳೆಯುವಷ್ಟರಲ್ಲಿ ಗಿರಣಿಯವರು ಮರಳಿ ಬಂದರು. ಯಂತ್ರದ ಗುಟ್ಟು ಗುಟ್ಟಾಗಿಯೇನೂ ಉಳಿಯಲಿಲ್ಲ. ಗೋಕಾಕದಲ್ಲಿ ಗುಟ್ಟು ಉಳಿಸಲು ಗೋಡೆಗಳಿಂದ ಆಗದು ಎಂಬುದಕ್ಕೆ ನಾವೇ ಸಾಕ್ಷಿ. ಬಡಿಯುವುದು ಕಟ್ಟಿಗೆ, ಕೈಯಲ್ಲ ಎಂದು ಎಲ್ಲರಿಗೂ ತಿಳಿಯಿತು. ಆದರೂ ನಡುವೆ ಬಟ್ಟೆ ಬದಲಿಸಲು ಚಿಗವ್ವ ಒಂದು ಗಳಿಗೆ ಯಂತ್ರ ನಿಲ್ಲಿಸಿದರೆ, ಉಣ್ಣುತ್ತಿದ್ದವರು ತಲೆಯೆತ್ತಿ ಗೋಡೆಯ ಕಡೆ ನೋಡುತ್ತಿದ್ದರು. ಬಾಗಿಲ ಬಾಜೂ ಇದ್ದ ಟ್ರಂಕು ಮತ್ತೆ ಅಟ್ಟ ಏರಿತು. ಏರಿಸಿದವರು ನಾವೇ, ಅದು ಭಾರವಾಗಿತ್ತು, ಅಂದರೆ ಅವಳು ಆಗಲೇ ತುಂಬಿಟ್ಟಿದ್ದಳು.

ವಿಶ್ವವಿದ್ಯಾಲಯ ಮತ್ತೆ ತೆರೆಯುವ ಮೊದಲು ಪ್ರೊಫೆಸರರು ತಂಡ ತಂಡಗಳ ಕೆಲಸ ನೋಡುತ್ತ ಊರೂರು ತಿರುಗಿದರು. ನಮ್ಮಲ್ಲಿಗೆ ಬಂದದ್ದು ಊಟದ ಹೊತ್ತಿಗೆ, ಕೋಟು ಸಮೇತ. ಪಡಸಾಲೆಯಲ್ಲಿ ಗಿರಾಕಿಗಳ ಪಂಕ್ತಿಯಲ್ಲೇ ಕೂತು ಬಹಳ ಸಂತೋಷದಿಂದ ಉಂಡರು. ಉಣ್ಣುತ್ತ, ಶತಮಾನಗಳಿಂದ ನಮ್ಮ ಹೆಣ್ಣುಮಕ್ಕಳು ಒಲೆಯ ಮುಂದೆ ಕೈ ಸವೆಸುತ್ತಿರುವುದರ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟರು. ಕಡೆಗೆ ಗೋಡೆಯ ಕಡೆ ಕಿವಿಗೊಟ್ಟು, ಕನಿಕರದಿಂದ ಹೇಳಿದರು: "ಆ ತಾಯಿ ಬಡಿಯೋದು ಮುಗೀಲಿ. ಆಮೇಲೆ ನಿಮ್ಮ ಯಂತ್ರ ತೋರಿಸ್ರಿ."

ಅದೇ ಯಂತ್ರ ಎಂದೆವು. ತುತ್ತು ಅವರ ಕೈಯಲ್ಲೇ ನಿಂತಿತು.

ಆ ಕ್ಷಣವೇ ನೋಡಬೇಕೆಂದು ಅವರು ಎದ್ದರು. ಚಿಗವ್ವ ಬಾಗಿಲಿಗೆ ಅಡ್ಡ ನಿಂತಳು. ಬಸ್ಸಿನಲ್ಲಿ ಬಂದ ಬಟ್ಟೆಯಲ್ಲಿ, ಮೈ ತೊಳೆಯದೆ, ಅವಳ ಒಲೆಯ ಹತ್ತಿರ ಯಾರೂ ಬಂದವರಿಲ್ಲ. ಪ್ರೊಫೆಸರರು ಅದಕ್ಕೆ ಅಪವಾದವಲ್ಲ. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಕೋಟು ಕಳಚಿದರು. ಹಿತ್ತಿಲಲ್ಲಿ ಬಾವಿಯ ನೀರು ಸೇದಿ ಮೈಮೇಲೆ ಸುರಿದುಕೊಂಡರು. ನನ್ನ ಅಪ್ಪನ ಧೋತರ ಉಟ್ಟು, ತಲೆಯಿಂದ ನೀರು ತೊಟ್ಟಿಕ್ಕುತ್ತ, ವಿಜ್ಞಾನಕ್ಕಾಗಿ ಅಡುಗೆಮನೆ ಹೊಕ್ಕರು. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಿಗವ್ವನ ಮೊಣಕೈ ಇಳಿಯುವುದನ್ನು, ಬಟ್ಟೆ ತಿರುಗುವುದನ್ನು, ಸಟ್ಟುಗ ಕುಪ್ಪಳಿಸುವುದನ್ನು ನೋಡಿದರು. ಈ ಭಾಗದಿಂದ ರೊಟ್ಟಿಗೆ ಏನು ಪ್ರಯೋಜನ ಎಂದು ಸಟ್ಟುಗ ತೋರಿಸಿ ಕೇಳಿದರು. ರೊಟ್ಟಿಗೆ ಏನೂ ಇಲ್ಲ ಎಂದ ಹುಕ್ಕೇರಿಯವನು. ಹೊರಗೆ ಕೂತವರನ್ನು ತೋರಿಸಿದ.

ಪ್ರೊಫೆಸರರು ಸಟ್ಟುಗವನ್ನು ಬೆರಳಿನಿಂದ ಒಮ್ಮೆ ಎತ್ತಿ ಬಿಟ್ಟು ನೋಡಿದರು. ಆಮೇಲೆ, ಪ್ರದರ್ಶನಕ್ಕೆ ಇದೇ ಮುಖ್ಯ ಆಕರ್ಷಣೆ, ದೊಡ್ಡ ಅತಿಥಿಗಳು ಬರುವವರಿದ್ದಾರೆ, ಎರಡು ದಿನದ ಮಟ್ಟಿಗೆ ಯಂತ್ರವನ್ನು ಒಯ್ದು ತಂದುಕೊಡುತ್ತೇವೆ ಎಂದು ಚಿಗವ್ವನಿಗೆ ವಿನಯದಿಂದ ಹೇಳಿದರು. ನಾವು ಮೂವರೂ ಅವಳ ಮುಖ ನೋಡಿದೆವು. ಬಹುಮಾನ ಪಡೆದ ತಂಡಕ್ಕೆ ವಿಶ್ವವಿದ್ಯಾಲಯದ ಕಾರ್ಯಾಗಾರವನ್ನೇ ಬಳಸಲು ಬಿಡುತ್ತಾರೆಂಬ ಮಾತಿತ್ತು.

ಚಿಗವ್ವ ಹಿಡಿಕೆಯಿಂದ ಮೊಣಕೈ ತೆಗೆಯಲಿಲ್ಲ.

"ಎರಡ ದಿನ ಸಪ್ಪಳ ನಿಂತ್ರ ಮೂರನೇ ದಿನ ಮಂದಿ ಎದುರಿಗೆ ಹೋಗಿ ಕುಂಡ್ರತಾರ್ರಿ ಸಾಹೇಬರ," ಎಂದಳು. "ಅವರನ್ನ ತಿರುಗಿ ಕರಕೊಂಡ ಬರಾಕ ನಿಮ್ಮ ಅತಿಥಿಗಳು ಬರ್ತಾರೇನ್ರಿ? ನೀವು ಒಯ್ಯೂದು ಕಟಗಿ ಅಲ್ಲ, ನನ್ನ ಕೈ."

ಹೊರಗೆ ಯಾರೋ ರೊಟ್ಟಿ ಕೇಳಿದರು. ಅವಳು ಒತ್ತಿದಳು, ಸಟ್ಟುಗ ಬಡಿಯಿತು. ಪ್ರೊಫೆಸರರು ಧೋತರ ಸರಿಪಡಿಸಿಕೊಳ್ಳುತ್ತ ಎದ್ದು, ಹೊರಗೆ ಬಂದು ನಮ್ಮ ಮೂವರಿಗೆ ಹೇಳಿದ್ದು ಇಷ್ಟೇ: "ಒಯ್ಯಲಿಕ್ಕೆ ಬರೋ ವಸ್ತು ಎಲ್ಲಾರೂ ಮಾಡ್ಯಾರ. ಒಯ್ಯಲಿಕ್ಕೆ ಬರದ್ದು ನೀವಷ್ಟ ಮಾಡೀರಿ. ಬಿಡ್ರಿ, ಇಲ್ಲೇ ಇರಲಿ."

ಪ್ರದರ್ಶನದ ದಿನ ನಮ್ಮ ಮೇಜು ಖಾಲಿಯಿತ್ತು. ಅದರ ಮೇಲೆ ಪ್ರೊಫೆಸರರು ತಮ್ಮ ಕೈಯಾರೆ ಬರೆದ ಒಂದು ಹಲಗೆ: 'ಯಂತ್ರವು ಗೋಕಾಕದಲ್ಲಿ ಕೆಲಸದ ಮೇಲಿದೆ.' ಅತಿಥಿಗಳು ಅದರ ಮುಂದೆ ನಿಂತು ಓದಿ, ಮುಂದೆ ಹೋದರು. ಬಹುಮಾನ ಬಿಜಾಪುರದ ಕಡೆಯವರ ಒಂದು ಅಣೆಕಟ್ಟಿನ ಮಾದರಿಗೆ ಬಂತು. ಅದರಲ್ಲಿ ನಿಜವಾದ ನೀರಿತ್ತು, ಮೀನೂ ಇತ್ತು. ಮೂಡಲಗಿಯವನು ಖಾಲಿ ಮೇಜಿನ ಪಕ್ಕ ನಿಂತು ದಿನವಿಡೀ ಬಾಯಿಂದ ಮೂರು ಪೆಟ್ಟು ಬಡಿದು ತೋರಿಸುತ್ತಿದ್ದ. ಮೀನಿನ ಮುಂದೆ ಅದು ನಿಲ್ಲಲಿಲ್ಲ.

ಶ್ರಾ‍ವಣದಲ್ಲಿ ಪಂಚಮಿ ಬಂತು. ಅಕ್ಕತಂಗಿಯರು ತವರಿಗೆ ಹೋಗುವ ಹಬ್ಬ. ಘೋಡಗೇರಿಯಿಂದ ಚಿಗವ್ವನ ತಮ್ಮ ತಾನೇ ಕರೆಯಲು ಬಂದ. ಅವಳು ಹೊಸ ಇಳಕಲ್ ಸೀರೆ ಉಟ್ಟು, ಉಂಡೆಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಟ್ರಂಕಿಲ್ಲದೆ ಬಸ್ಸು ಹತ್ತಿದಳು. ಆ ಒಂದು ದಿನದ ಮಟ್ಟಿಗೆ ನನ್ನ ಅವ್ವ ಹಿಟ್ಟು ನಾದಿದಳು. ಹಿಡಿಕೆ ಒತ್ತಿದವರು ಹಬ್ಬದ ಸೂಟಿಗೆ ಬಂದಿದ್ದ ನಾವು ಮೂವರು, ಸರದಿಯ ಪ್ರಕಾರ. ಸದ್ದು ಎಂದಿನಂತೆಯೇ ಬಂತು. ಜನ ಎಂದಿನಂತೆಯೇ ಬಂದು ಕೂತರು. ರೊಟ್ಟಿ ದಪ್ಪವಾಗಿದೆಯೆಂದು ಪಡಸಾಲೆಯಿಂದ ಒಬ್ಬ ದೂರಿದ. ಅವ್ವ ಒಳಗಿನಿಂದಲೇ, ಹಬ್ಬದ ದಿನ ಹಾಗೇ ಇರುತ್ತವೆ ಎಂದಳು.

ಮರುದಿನ ಮೊದಲ ಬಸ್ಸಿಗೇ ಚಿಗವ್ವ ಮರಳಿದಳು. ಇನ್ನೆರಡು ದಿನ ಇರಬಾರದಿತ್ತೇ ಎಂದು ಅವ್ವ ಕೇಳಿದಳು. ತಮ್ಮನ ಹೆಂಡತಿ ಬಹಳ ಅಕ್ಕರೆಯಿಂದ ನೋಡಿಕೊಂಡಳು, ಜೋಕಾಲಿ ಆಡಿಸಿದಳು, ಇರು ಇರು ಎಂದಳು ಎಂದು ಚಿಗವ್ವ ಹೇಳುತ್ತ, ಸೀರೆ ಬದಲಿಸುತ್ತ, ಒಲೆಗೆ ಕಟ್ಟಿಗೆ ಹಾಕುತ್ತ ಇದ್ದಳು. ಆಮೇಲೆ ಯಂತ್ರದ ಮುಂದೆ ಕೂತು, ನಾವು ತಪ್ಪಾಗಿ ಬಿಗಿದಿದ್ದ ಬಟ್ಟೆಯನ್ನು ಬಿಚ್ಚಿ ಸರಿಯಾಗಿ ಬಿಗಿದಳು.

"ಬಾಗಲಾ ಪೂರ್ತಿ ತಗೀರಿ," ಎಂದಳು. "ಗಿರಣಿ ಮಂದಿ ಬರೂ ಹೊತ್ತಾತು."